ಬಾವಿಗೆ ಬಂದು ಸೇದುವ ಹಕ್ಕು

ಕಳೆದ ವಾರ ಬ್ರಹ್ಮಾವರದ ಹೋಟೆಲೊಂದರಲ್ಲಿ ಕುಳಿತಿದ್ದಾಗ ಪಕ್ಕದ ಮೇಜಿಗೆ ಕೊತ್ತಂಬರಿ-ಜೀರಿಗೆಯ ಕಷಾಯ ಬಂತು. ಆ ಘಮಕ್ಕೆ ನಮ್ಮೂರು ಕೋಡಿಯ ಹೋಟ್ಲಣ್ಣ ನೆನಪಾದರು... ನನ್ನ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಮುಂಬಯಿಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಊರಿಗೆ ಮರಳಿದ್ದ ಅವರು ನಮ್ಮ ನೆರೆಯವರು. ಮದುವೆಯಾಗಿರಲಿಲ್ಲ. ಮಾತು ಒರಟು, ಕಷಾಯ ಮಾತ್ರ ಕೇಳದೆಯೇ ಸಿಗುತ್ತಿತ್ತು. ನಮ್ಮ ಓಣಿಯ ಬಾವಿಗಳದೆಲ್ಲ ಉಪ್ಪುನೀರು, ಅವರದೊಂದು ಅದು ಹೇಗೋ ಸಿಹಿ. ಬೇಲಿಯಾಚೆಯ ಮನೆಯಲ್ಲಿ ಮೀನು ಮಾರಿ ಬದುಕುತ್ತಿದ್ದ, ಓಣಿಯವರೆಲ್ಲ ಅಕ್ಕ ಎನ್ನುತ್ತಿದ್ದ ಒಬ್ಬರು ದಿನಕ್ಕೆರಡು ಹೊತ್ತು ಕೊಡಪಾನ ಹಿಡಿದು ಅಲ್ಲಿಗೇ ಬರುತ್ತಿದ್ದರು. ಅಕ್ಕನ ಮನೆಯ ಬಾವಿನೀರಿನಲ್ಲಿ ಚಹಾ ಮಾಡಿದರೆ ಹಾಲು ಒಡೆಯುತ್ತಿತ್ತು.

ವಿಲ್ ಮಾಡುವಾಗ ಹೋಟ್ಲಣ್ಣ ನನ್ನನ್ನು ಎಕ್ಸಿಕ್ಯೂಟರ್ ಅಂತ ಹಾಕಿಸಿದರು. ಅಂದರೆ ಅವರ ನಂತರ ಅದರಲ್ಲಿ ಬರೆದದ್ದನ್ನು ಬರೆದ ಹಾಗೆಯೇ ನಡೆಸಿಕೊಡುವವನು. ಬ್ಯಾಂಕಿನಲ್ಲಿದ್ದವನೆಂದು ಕರಡು ಬರೆಯುವ ಕೆಲಸವೂ ನನ್ನದೇ. ಮನೆ, ಜಾಗ ಎಲ್ಲ ತಂಗಿಯ ಮಗನಿಗೆ. ಅಕ್ಕನಿಗೆ ಒಂದೇ ಸಾಲು: ಬದುಕಿರುವಷ್ಟು ಕಾಲ ಬಾವಿಗೆ ಬಂದು ನೀರು ಸೇದುವ ಹಕ್ಕು.

"ಒಂದ್ ಪೈಪ್ ಎಳ್ದ್ ಕೊಟ್ರೆ ಸಾಕಲ್ದಾ?" ಎಂದು ನಾನು ಜಾಣತನ ತೋರಿಸಿದೆ.

"ವಾಲ್ವ್ ಯಾರ್ ಕೈಯಗ್ ಇಪ್ಪುದ್ ಮಾರಾಯ? ನಾನ್ ಹೇಳ್ದಷ್ಟ್ ಬರಿ," ಅಂದರು. ಬರೆದೆ.

ಅವರು ಹೋದರು. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ಊಟದ ದಿನ, ತಂಗಿಯ ಮಗ ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ತಾನೇ ಬಡಿಸಿದ. ಊಟವಾದ ಮೇಲೆ ವಿಷಯಕ್ಕೆ ಬಂದ. ಮನೆ ಬಾಡಿಗೆಗೆ ಕೊಡಬೇಕು, ಸುತ್ತ ಕಾಂಪೌಂಡು ಕಟ್ಟಬೇಕು, ಹೊರಗಿನವರು ಅಂಗಳದಲ್ಲಿ ಓಡಾಡಿದರೆ ಬಾಡಿಗೆಯವರು ನಿಲ್ಲುವುದಿಲ್ಲ. "ಅಕ್ಕಂಗ್ ಪೈಪ್ ಹಾಕ್ಸಿ ಕೊಡ್ತೆ. ನೀವ್ ಹೂಂ ಅಂದ್ರೆ ಆತ್, ಮಾವ."

ಹೂಂ ಅಂದೆ. ಬಾವಿಯ ಹಕ್ಕಿನ ಬದಲು ಪೈಪು ಎಂದು ಅವನು ಬರೆಸಿ ತಂದ ಒಪ್ಪಿಗೆ ಪತ್ರಕ್ಕೆ ಸಹಿಯನ್ನೂ ಹಾಕಿದೆ. ಹೊಟ್ಟೆ ತುಂಬ ಉಂಡವನಿಗೆ ದಾಕ್ಷಿಣ್ಯ... ಜಗಳಗಂಟ ಅನ್ನಿಸಿಕೊಳ್ಳುವುದು ಬೇಡವಾಗಿತ್ತು, ಅಷ್ಟೇ.

ಗೋಡೆ ಎದ್ದ ದಿನ ಅಕ್ಕ ಖಾಲಿ ಕೊಡಪಾನ ಹಿಡಿದು ನಮ್ಮ ಜಗಲಿಗೇ ಬಂದರು. "ನನ್ ಹಕ್ಕ್ ಬಿಟ್ ಕೊಡುಕ್ ನೀವ್ ಯಾರ್? ನನ್ ಹತ್ರ ಒಂದ್ ಮಾತ್ ಕೇಂಬುಕ್ ಆಗ್ಲಿಲ್ಯಾ ನಿಮ್ಗೆ?"

ಮರುದಿನ ಕುಂದಾಪುರದ ವಕೀಲರಲ್ಲಿಗೆ ಓಡಿದೆ. ಅವರೂ ಅದನ್ನೇ ಹೇಳಿದರು. ಎಕ್ಸಿಕ್ಯೂಟರ್ ಕೊಡಬೇಕಾದವರಿಗೆ ಕೊಡಿಸುವವನು, ಅವರ ಪರವಾಗಿ ರಾಜಿ ಮಾಡಿಕೊಳ್ಳುವವನಲ್ಲ. ಅಕ್ಕನ ಒಪ್ಪಿಗೆ ಇಲ್ಲದ ಆ ಪತ್ರ ನಿಲ್ಲುವುದಿಲ್ಲ, ಕೇಸು ಹಾಕಬಹುದು ಎಂದರು. ಕೇಸು ಹಾಕಿದರೆ ನನ್ನ ಸಹಿ ಕೋರ್ಟಿನಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಪೈಪಿನಲ್ಲಿ ನೀರು ಬರುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡು ಸುಮ್ಮನಾದೆ.

ಆ ಬೇಸಿಗೆಯಲ್ಲಿ ಬಾಡಿಗೆಯವರು ಪಂಪು ರಿಪೇರಿ ಎಂದು ಪೈಪಿನ ವಾಲ್ವ್ ಮುಚ್ಚಿದರು. ಮತ್ತೆ ತೆರೆಯಲಿಲ್ಲ. ಅಕ್ಕ ಕೇಳಿದಾಗಲೆಲ್ಲ "ಕಾಂಬ, ಮಾತಾಡ್ತೆ" ಅನ್ನುತ್ತಿದ್ದೆ. ಕೊನೆಗೆ ಅವರು ಕೇಳುವುದನ್ನೇ ಬಿಟ್ಟರು. ದೂರದ ನಲ್ಲಿಯಿಂದ ನೀರು ಹೊತ್ತು ತರುವುದನ್ನು ನೋಡಬಾರದೆಂದು ನಾನು ಆ ಹೊತ್ತಿಗೆ ಒಳಗೆ ಹೋಗುತ್ತಿದ್ದೆ. ಎಂಥ ನಾಚಿಕೆಗೇಡಿ ನಾನು!

ಹೋದ ತಿಂಗಳು ಅಕ್ಕ ತೀರಿಕೊಂಡರು. ಹೆಣ ಮೀಯಿಸಲು ನೀರು ಬೇಕಾಯಿತು. ಅವರದೇ ಉಪ್ಪುನೀರಿನ ಬಾವಿಯಿಂದ ಸೇದಿ ಕೊಟ್ಟವರಲ್ಲಿ ನಾನೂ ಒಬ್ಬ. ಗೋಡೆಯಾಚೆ ಬಾಡಿಗೆಯವರ ಪಂಪು ಓಡುತ್ತಿತ್ತು...

ಬದುಕಿರುವಷ್ಟು ಕಾಲ ಎಂದು ಬರೆದಿದ್ದೆವು. ಆ ಕಾಲ ಮುಗಿಯಿತು. ಹೋಟ್ಲಣ್ಣ ನಂಬಿ ವಹಿಸಿದ ಕೆಲಸವೂ ಮುಗಿಯಿತು, ನಾನು ಅದನ್ನು ಮಾಡದೆಯೇ.