ಗೂರ್ಖಾನ ಮಗಳ ಕಣ್ಣಿಗೆ ಮೆಣಸಿನಕಾಯಿ

ಮೆಣಸಿನಕಾಯಿ ಸುಗ್ಗಿಯ ಕಾಲಕ್ಕೆ ಬ್ಯಾಡಗಿಯ ಶಾಲೆಯಲ್ಲಿ ಕಲಿಸುವುದೆಂದರೆ ಅರ್ಧ ಪಾಠ, ಅರ್ಧ ಸೀನು. ರಾಣೆಬೆನ್ನೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನನಗೆ ಊರು ಬಂತೆಂದು ಕಂಡಕ್ಟರ್ ಹೇಳಬೇಕಾಗಿರಲಿಲ್ಲ, ಮೂಗೇ ಹೇಳುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನ್ನ ಪಾಲಿಗೆ ಆರನೇ ವರ್ಗ. ಅದರಲ್ಲಿ ಒಬ್ಬ ಹುಡುಗಿ, ಮೆಣಸಿನಕಾಯಿ ಅಂಗಡಿಗಳನ್ನು ರಾತ್ರಿ ಕಾಯುವ ಗೂರ್ಖಾನ ಮಗಳು. ತಂದೆತಾಯಿ ನೇಪಾಳದವರು, ಇವಳು ಹುಟ್ಟಿದ್ದು ಮಾತ್ರ ಬ್ಯಾಡಗಿಯಲ್ಲಿ. ಅವರು ತಮ್ಮ ಭಾಷೆಯಲ್ಲಿ ಕೇಳಿದರೆ ಇವಳ ಉತ್ತರ ಕನ್ನಡದಲ್ಲಿ. ಸೊಂಟಕ್ಕೆ ಕೈಯಿಟ್ಟು, "ಏ ಹೋಗಲೇ, ನಿಮ್ಮವ್ವಗ ಹೇಳ್ತೇನಿ ನೋಡ" ಎಂದು ಜಗಳಕ್ಕೆ ನಿಂತರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಅವಳ ಮುಖ, ಊರವರ ಮಾತಿನಲ್ಲಿ ಮಾರಿ, ಬೇರೆ ಥರ ಇತ್ತು. ಅಷ್ಟೇ ಸಾಕಾಯಿತು. ಹುಡುಗರು "ಚೀನಾ" ಎಂದು ಕೂಗುತ್ತಿದ್ದರು, ಎದುರು ಬಂದರೆ ಬೆರಳಿನಿಂದ ತಮ್ಮ ಕಣ್ಣು ಜಗ್ಗಿ ತೋರಿಸುತ್ತಿದ್ದರು. ನಾನು ಕಿವಿ ಹಿಂಡುತ್ತಿದ್ದೆ. ಒಬ್ಬ ಬಿಟ್ಟರೆ ಇನ್ನೊಬ್ಬ ಶುರು ಮಾಡುತ್ತಿದ್ದ.

ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ನಳದ ಹತ್ತಿರ ಚೀರಾಟ ಕೇಳಿ ಓಡಿದೆ. ಏಳನೇ ವರ್ಗದ ಇಬ್ಬರು ಹುಡುಗರು ಗೂರ್ಖಾನ ಮಗಳ ಕೈ ತಿರುವಿ ಹಿಡಿದಿದ್ದರು. ಮೂರನೆಯವನು ಕಿಸೆಯಲ್ಲಿ ತಂದಿದ್ದ ಒಣಮೆಣಸಿನಕಾಯಿ ಮುರಿದು, ಬೀಜಸಮೇತ ಅವಳ ಕಣ್ಣಿಗೆ ತಿಕ್ಕುತ್ತಿದ್ದ. ಅವನು ಪೇಟೆಯ ದೊಡ್ಡ ದಲಾಲಿ ಅಂಗಡಿಯ ಸಾವ್ಕಾರರ ಮಗ. "ಕಣ್ಣ ದೊಡ್ಡೂ ಆಗ್ತಾವೇನಂತ ನೋಡಿದ್ವಿರೀ ಅಕ್ಕೋರ" ಎಂದ. ಅವನ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ.

ನಳದ ಕೆಳಗೆ ಕಣ್ಣು ತೊಳೆಸಿ, ಒದ್ದೆ ಸೆರಗು ಒತ್ತಿ ಹಿಡಿದು, ಪೇಟೆಯ ನಡುವೆಯೇ ಅವಳನ್ನು ದವಾಖಾನೆಗೆ ಎತ್ತಿಕೊಂಡು ಹೋದೆ. ಅಂಗಡಿಗಳ ಮುಂದೆ ಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದ ಹೆಂಗಸರೆಲ್ಲ ನೋಡಿದರು. ಅವರಲ್ಲಿ ಅನೇಕರ ಮಕ್ಕಳು ನಮ್ಮ ಶಾಲೆಯವರೇ. "ಏನಾತ್ರೀ ಅಕ್ಕೋರ?" ಎಂದು ಕೇಳಿದವರಿಗೆ ಇದ್ದದ್ದು ಇದ್ದಂಗೇ ಹೇಳಿದೆ. ಮುಚ್ಚಿಡುವ ಜಾಯಮಾನ ನನ್ನದಲ್ಲ.

ಶಾಲೆಗೆ ಮರಳಿ ಬಂದರೆ ಹೆಡ್ ಮಾಸ್ತರರು ತಣ್ಣಗೆ ಕೂತಿದ್ದರು. ಸಾವ್ಕಾರರು ಶಾಲೆಗೆ ಎರಡು ಕೋಣೆ ಕಟ್ಟಿಸಿಕೊಟ್ಟವರು. "ಹುಡುಗಾಟಿಕಿ ಬಿಡ್ರಿ ಅಕ್ಕೋರ. ಅದೂ ನಮ್ಮ ಬ್ಯಾಡಗಿ ಕಾಯಿ. ಬಣ್ಣ ಅಷ್ಟ, ಖಾರ ಎಲ್ಲೈತ್ರಿ?" ಎಂದರು. ತಮ್ಮ ಕಾಯಿಗೆ ಖಾರ ಕಡಿಮೆ ಎಂಬುದು ಈ ಊರಿನವರಿಗೆ ದೊಡ್ಡ ಅಭಿಮಾನ. ಆ ಅಭಿಮಾನ ಕೊನೆಗೆ ಒಂದು ಮಗುವಿನ ಕಣ್ಣಿನವರೆಗೂ ಬಂದು ನಿಂತಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಇಂಥ ಶಾಲೆಯಲ್ಲಿ ಆ ಹುಡುಗಿ ಉಳಿಯುವುದು ಹೇಗೆ ಎಂಬುದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಮರುದಿನ ಬೆಳಿಗ್ಗೆ ಬಂದು ನೋಡುತ್ತೇನೆ, ಶಾಲೆಯ ಕಟ್ಟೆಯ ತುಂಬ ತೊಟ್ಟು ಬಿಡಿಸುವ ಹೆಂಗಸರು. ಕೆಲಸಕ್ಕೆ ಹೋಗಿರಲಿಲ್ಲ. ಹೆಡ್ ಮಾಸ್ತರರು ಮತ್ತದೇ ಖಾರದ ಮಾತು ತೆಗೆದರು. ಮುಂದೆ ಕೂತಿದ್ದ ಒಬ್ಬ ಹೆಂಗಸು ಎದ್ದು, ಕಾಯಿಯ ಖಾರ ಇಳಿದ ತನ್ನ ಅಂಗೈ ಅವರ ಮುಖದ ಹತ್ತಿರ ಹಿಡಿದಳು. "ಖಾರ ಇಲ್ಲೇನ್ರಿ? ಈ ಕೈಲೆ ನಿಮ್ಮ ಕಣ್ಣ ಒರಸ್ತೇನಿ, ಕುಂದ್ರಿ ನೋಡೂಣು." ಹೆಡ್ ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದರು.

ಹೆಂಗಸರ ಬೇಡಿಕೆ ಒಂದೇ. ಸಾವ್ಕಾರರು ಮಗನನ್ನು ಕರೆತಂದು ಇಡೀ ಶಾಲೆಯ ಮುಂದೆ ತಪ್ಪಾಯಿತು ಎನ್ನಿಸಬೇಕು. ಅಲ್ಲಿಯವರೆಗೆ ಅವರ ಅಂಗಡಿಯಲ್ಲಿ ಯಾರೂ ತೊಟ್ಟು ಬಿಡಿಸುವುದಿಲ್ಲ. "ಇವತ್ತ ಪರದೇಶದಾಕಿ ಅಂತ ಆಕಿನ್ನ ಹಿಡದಾರ, ನಾಳೆ ಬಡವರಂತ ನಮ್ಮ ಹುಡುಗ್ಯಾರನ್ನ ಹಿಡೀತಾರ" ಎಂದರು. ಶಿಕ್ಷಕರೆಲ್ಲ ಅವರ ಜೊತೆ ನಿಂತೆವು. ಅಂಜುಬುರುಕರೆಂದು ನಾನು ಬೈಯುತ್ತಿದ್ದ ಗಣಿತದ ಮಾಸ್ತರರೂ ಬಂದು ನಿಂತರು. ಆ ಬೆಳಿಗ್ಗೆ ನನಗೆ ಆ ಶಾಲೆಯ ಮೇಲೆ ಪ್ರೀತಿ ಉಕ್ಕಿತು, ಸುಳ್ಳೇಕೆ ಹೇಳಲಿ?

ಅಂಗಡಿಯಲ್ಲಿ ಕಾಯಿ ರಾಶಿ ಬೀಳತೊಡಗಿದ ಮೇಲೆ ಸಾವ್ಕಾರರು ಒಪ್ಪಿದರು. ಶನಿವಾರ ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಮೈದಾನದಲ್ಲಿ ಕೂತೆವು. ಹುಡುಗಿಯ ಕಣ್ಣು ಇನ್ನೂ ಊದಿಕೊಂಡಿತ್ತು, ಅವಳ ಒಂದು ಮಗ್ಗುಲಿಗೆ ಅಪ್ಪ, ಇನ್ನೊಂದು ಮಗ್ಗುಲಿಗೆ ಅವ್ವ. ಸಾವ್ಕಾರರು ಮಗನ ಕೈ ಹಿಡಿದು ಗೇಟಿನೊಳಗೆ ಬಂದರು. ಅವರನ್ನು ಕಂಡದ್ದೇ ತಡ, ಗೂರ್ಖಾ ಧಡಕ್ಕನೆ ಎದ್ದು ಟೊಪ್ಪಿಗೆ ತೆಗೆದು, ಬಗ್ಗಿ ಕೈಮುಗಿದ. "ತಪ್ಪಾತ್ರಿ ಸಾವ್ಕಾರ್ರ" ಎಂದ. ತಪ್ಪು ಯಾರದು, ಕೈಮುಗಿದವನು ಯಾರು!

"ಕುಂದ್ರೋ ಯಣ್ಣಾ, ಕೈ ಮುಗಿಯಾಂವ ನೀನಲ್ಲ" ಎಂದು ಹೆಂಗಸರು ಕೂಗಿದರು. ಅವನು ಕೂರಲಿಲ್ಲ. ಸಾವ್ಕಾರರ ಮುಂದೆ ಕೂತು ಅವನಿಗೆ ಗೊತ್ತೇ ಇರಲಿಲ್ಲ. ಆಗ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಅವನ ಸುತ್ತ ನಿಂತರು. ಮಕ್ಕಳೂ ಎದ್ದರು, ನಾವೂ ಎದ್ದೆವು. ಹುಡುಗ ಅಳುತ್ತ ತಪ್ಪಾಯಿತು ಎಂದ. ಸಾವ್ಕಾರರು ಉದ್ದಕ್ಕೂ ನೋಡಿದ್ದು ಗೂರ್ಖಾನನ್ನು. ನಾನು ಗೆದ್ದೆವೆಂದುಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದೆ.

ಆಮೇಲೆ ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಒಂದೊಂದೇ ಅಂಗಡಿಯವರು ಗೂರ್ಖಾನಿಗೆ "ನಮಗ ಕಾವಲಾ ಬ್ಯಾಡಪಾ" ಎಂದರು. ತಿಂಗಳೊಳಗೆ ಹಾವೇರಿ ಕಡೆಯ ಬೇರೊಬ್ಬ ಬಂದು ಕಾಯತೊಡಗಿದ. ತಮ್ಮ ಅಂಗಡಿಗೆ ಯಾರನ್ನು ಕಾವಲಿಡಬೇಕೆಂಬುದು ಅವರವರ ಇಷ್ಟ. ಹೆಂಗಸರು ಅದಕ್ಕೆ ಯಾವ ಕೆಲಸ ನಿಲ್ಲಿಸಿಯಾರು? ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಇಲ್ಲಿ ಸಿಟ್ಟು ನಮ್ಮದು, ದವಡೆ ಅವನದು. ಬೇರೆ ಊರಲ್ಲಿ ಕೆಲಸ ಹುಡುಕೋಣ ಎಂದೆವು. "ಸಾಕ್ರಿ ಅಕ್ಕೋರ, ನೇಪಾಳಕ್ಕ, ನಮ್ಮ ಊರಿಗೆ ಹೋಗ್ತೇವಿ" ಎಂದ ಗೂರ್ಖಾ.

ಹೊರಡುವ ದಿನ ಹುಡುಗಿ ಅವ್ವನ ಜೊತೆ ವರ್ಗಕ್ಕೆ ಬಂದಳು. ಕಣ್ಣು ವಾಸಿಯಾಗಿತ್ತು. ಗೆಳತಿಯರು ಅಳುತ್ತಿದ್ದರು, ಇವಳು ಅಳಲಿಲ್ಲ. ಅಲ್ಲಿ ನಿನ್ನನ್ನು ಚೀನಾ ಎಂದು ಯಾರೂ ಕಾಡಿಸುವುದಿಲ್ಲ ಎಂದೆ.

"ಹೌದ್ರಿ, ಅಲ್ಲಿ ಎಲ್ಲಾರ ಮಾರೀನೂ ನನ್ನಂಗ ಇರ್ತಾವಂತ" ಎಂದಳು. ನನ್ನ ಸೀರೆಯ ನಿರಿಗೆ ಹಿಡಿದಳು. "ಆದ್ರ ಅಕ್ಕೋರ, ಅಲ್ಲಿ ನಾ ಯಾರ ಕೂಡ ಮಾತಾಡ್ಲಿರಿ? ನನಗ ಕನ್ನಡ ಒಂದ ಬರತೈತಿ."