ಪವಿತ್ರಳ ಬಾಟಲಿಯಲ್ಲಿ ವಿಷವಿರಲಿಲ್ಲ

ನಮ್ಮ ಸಿಂಚನಳ ಕಾಲಿನ ಶಕ್ತಿ ಹೋದದ್ದು ಅವಳಮ್ಮ ತಂದಿಟ್ಟಿದ್ದ ಶಾಂಪೂವಿನಿಂದಲ್ಲ, ನನ್ನಿಂದ. ಅವಳ ತಲೆಯ ಹೇನು ಸಾಯಲೆಂದು ಗುಲಾಬಿ ತೋಟಕ್ಕೆ ಹೊಡೆಯುವ ಔಷಧಿಯನ್ನು ಹಚ್ಚಿದವಳು ನಾನು. ಡಾಕ್ಟರು ಕೇಳಿದಾಗ ಇಲ್ಲ ಎಂದವಳೂ ನಾನೇ. ಆಗ ಅವಳು ಮೂರನೇ ಕ್ಲಾಸಿನಲ್ಲಿದ್ದಳು. ಈಗ ಪಿಯುಸಿ ಓದುತ್ತಿದ್ದಾಳೆ. ಅಷ್ಟೂ ವರ್ಷ ಅವಳ ತಾಯಿ ಪವಿತ್ರ, ತನ್ನ ಕೈಯಾರೆ ಮಗಳನ್ನು ಕುಂಟಿ ಮಾಡಿದೆ ಎಂದು ನಂಬಿ ಬದುಕಿದಳು. ನಾನು ಅವಳ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ.

ಪವಿತ್ರ ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ನಮ್ಮದು ರಾಜಘಟ್ಟದ ಆಚೆಯ ಹಳ್ಳಿ. ನನ್ನ ಗಂಡ, ಮೈದುನ ಇಬ್ಬರೂ ಸೇರಿ ಗುಲಾಬಿ ಬೆಳೆಯುತ್ತಿದ್ದರು. ಅತ್ತೆ ಇನ್ನೂ ಗಟ್ಟಿಯಾಗಿದ್ದರು, ಒಂದೇ ಒಲೆ. ಪವಿತ್ರ ಮಾತ್ರ ಬೆಳಗ್ಗೆ ಬಸ್ಸು ಹತ್ತಿ ದೊಡ್ಡಬಳ್ಳಾಪುರದ ಒಂದು ಬ್ಯೂಟಿ ಪಾರ್ಲರಿಗೆ ಕೆಲಸಕ್ಕೆ ಹೋಗುತ್ತಿದ್ದಳು. ಅವಳ ಮಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಬಂದಿತ್ತು ಎಂದರೆ — ನಾನೇ ಕೇಳಿ ಪಡೆದಿದ್ದೆ. ನನಗೆ ಇಬ್ಬರೂ ಗಂಡುಮಕ್ಕಳು. ಜಡೆ ಹೆಣೆಯಲು ಒಂದು ಹೆಣ್ಣುತಲೆ ಬೇಕೆಂಬ ಆಸೆ ನನಗೆ ಎಷ್ಟಿತ್ತೆಂದು ಯಾರಿಗೂ ಹೇಳಿಕೊಂಡವಳಲ್ಲ.

ಸಿಂಚನಳ ಕೂದಲು ಸೊಂಟ ಮುಟ್ಟುತ್ತಿತ್ತು. ಆ ಕೂದಲಿನ ವಿಷಯದಲ್ಲೇ ನನಗೂ ಪವಿತ್ರಳಿಗೂ ಒಳಗೊಳಗೇ ಜಗಳ. ನಾನು ಹರಳೆಣ್ಣೆ ತಟ್ಟಿ, ಸುಡುನೀರು ಸುರಿದು, ಸೀಗೆಪುಡಿ ಹಾಕಿ ಗಸಗಸ ಉಜ್ಜಿ ಬೆಳೆದವಳು. ಅವಳು ಹಾಗಲ್ಲ. ನೀರು ಬೆಚ್ಚಗಿರಬೇಕು, ಬಿಸಿ ಕೂಡದು. ಶಾಂಪೂವನ್ನು ಮಗ್ಗಿನ ನೀರಿನಲ್ಲಿ ಕದಡಿ ಬುಡಕ್ಕೆ ಮಾತ್ರ ಹಾಕಬೇಕು. ಬೆರಳ ತುದಿಯಲ್ಲಿ ಮೆಲ್ಲಗೆ ತಿಕ್ಕಬೇಕು, ಉಗುರು ತಾಗಬಾರದು. ಟವೆಲಿನಲ್ಲಿ ಒತ್ತಬೇಕೇ ಹೊರತು ಕೊಡವಬಾರದು. ಒದ್ದೆ ಕೂದಲನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಬಿಡಿಸುತ್ತ ಮೇಲಕ್ಕೆ ಬರಬೇಕು.

“ನೊರೆ ಜಾಸ್ತಿ ಬಂದ್ರೆ ಒಳ್ಳೇದು ಅಂತಲ್ಲ ಅಕ್ಕ,” ಎನ್ನುತ್ತಿದ್ದಳು. “ಇದ್ರಲ್ಲಿ ನೊರೆ ಕಮ್ಮಿ. ಮಕ್ಕಳ ತಲೆಗೆ ಮೆತ್ತಗಿರೋದೇ ಬೇಕು.”

ಪಾರ್ಲರಿಗೆ ದೊಡ್ಡ ಕ್ಯಾನಿನಲ್ಲಿ ಬರುತ್ತಿದ್ದ ಆ ಶಾಂಪೂವನ್ನು, ಅಲ್ಲೇ ಖಾಲಿಯಾದ ಯಾವುದೋ ಬಾಟಲಿಯನ್ನು ತೊಳೆದು, ತುಂಬಿಸಿ ತರುತ್ತಿದ್ದಳು. ಹೇಳುವಾಗ ಅವಳ ದನಿಯಲ್ಲಿ ಒಂದಿಷ್ಟೂ ದರ್ಪ ಇರಲಿಲ್ಲ. ನನಗೆ ಮಾತ್ರ ಪ್ರತಿ ಮಾತೂ ನಿನಗೇನೂ ಗೊತ್ತಿಲ್ಲ ಎಂದಂತೆ ಕೇಳಿಸುತ್ತಿತ್ತು. ಇಬ್ಬರು ಮಕ್ಕಳನ್ನು ಸಾಕಿದವಳಿಗೆ ತಲೆಗೆ ನೀರು ಹಾಕುವುದನ್ನು ಇವಳು ಕಲಿಸಬೇಕೆ — ಹೀಗೆ ಅಂದುಕೊಂಡೇ ನಾನು ಕೆಟ್ಟೆ.

ಒಂದು ದಿನ ಸಿಂಚನ ಸ್ಕೂಲಿನಿಂದ ಅಳುತ್ತ ಬಂದಳು. ತಲೆಯಲ್ಲಿ ಹೇನು ಹರಿದಾಡುತ್ತಿವೆ ಎಂದು ಟೀಚರು ಎಲ್ಲರ ಎದುರಿಗೆ ಹೇಳಿ, ಹಿಂದಿನ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದ್ದರಂತೆ. ಅತ್ತೆ ಜಗಲಿಯಿಂದಲೇ ಶುರು ಮಾಡಿದರು. “ಪಾರ್ಲರ್‌ನೋಳ ಮಗಳ ತಲೇಲೇ ಹೇನು. ಊರೋರ ತಲೆ ತೊಳೆಯೋಕೆ ಹೋಗ್ತಾಳೆ.” ಬೈದದ್ದು ಪವಿತ್ರಳನ್ನೇ ಆದರೂ ನನಗೂ ಚುಚ್ಚಿತು. ಆ ತಲೆಯನ್ನು ದಿನವೂ ಬಾಚುತ್ತಿದ್ದವಳು ನಾನಲ್ಲವೇ.

ಸಂಜೆ ಪವಿತ್ರ ಬಂದು ಮಗಳ ಕೂದಲನ್ನು ಬಿಡಿಸಿ ನೋಡಿದಳು. “ಏನೂ ಮಾಡ್ಬೇಡಿ ಅಕ್ಕ. ಭಾನುವಾರ ನಂಗೆ ರಜಾ. ಕಂಡೀಷನರ್ ಹಾಕಿ ಸೀರಣಿಗೇಲಿ ಬಾಚ್ತೀನಿ. ವಾರಕ್ಕೆರಡು ಸಲ ಹಂಗೆ ಮಾಡಿದ್ರೆ ಹೋಗ್ತವೆ. ಯಾವುದನ್ನೂ ಹಚ್ಚೋದು ಬೇಡ,” ಎಂದಳು. ಬೇಡ ಎಂದು ಅಷ್ಟು ಸ್ಪಷ್ಟವಾಗಿ ಹೇಳಿದ್ದಳು.

ಭಾನುವಾರದವರೆಗೆ ನಾನು ಕಾಯಲಿಲ್ಲ. ಮಾರನೆಯ ದಿನ ಸ್ಕೂಲಿಗೆ ಹೋಗುವುದಿಲ್ಲವೆಂದು ಮಗು ಹಟ ಹಿಡಿದಿತ್ತು. ಗಂಡಸರು ತೋಟಕ್ಕೆ ಹೋಗಿದ್ದರು, ಅತ್ತೆ ಪಕ್ಕದ ಊರಿನ ಮಗಳ ಮನೆಗೆ. ನಾನು ಚಿಕ್ಕವಳಾಗಿದ್ದಾಗ ನನ್ನಮ್ಮ ಸೀಮೆಎಣ್ಣೆ ಹಚ್ಚಿದ್ದಳು. ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತದೆ? ಪಂಪ್ ಮನೆಯ ಗೂಡಿನಲ್ಲಿ ಗಿಡಕ್ಕೆ ಹೊಡೆಯುವ ಡಬ್ಬಿ ಇತ್ತು. ಹುಳ ಸಾಯುತ್ತವೆ ಎಂದರೆ ಹೇನೂ ಸಾಯುತ್ತವೆ ಎಂದುಕೊಂಡೆ. ಸಂಜೆ ಪವಿತ್ರ ಬರುವ ಹೊತ್ತಿಗೆ ತಲೆಯಲ್ಲಿ ಒಂದು ಹೇನೂ ಇರಬಾರದು, ನೋಡಿದೆಯಾ ಎಂದು ಕೇಳಬೇಕು... ಇಷ್ಟೇ ನನ್ನ ಯೋಚನೆ. ಮಗುವಿನ ಮೇಲಿನ ಪ್ರೀತಿ ಅದರಲ್ಲಿ ಎಷ್ಟಿತ್ತು, ಪವಿತ್ರಳ ಮೇಲಿನ ಹೊಟ್ಟೆಕಿಚ್ಚು ಎಷ್ಟಿತ್ತು, ಇಂದಿಗೂ ಬೇರ್ಪಡಿಸಲಾರೆ.

ಅದನ್ನು ಎಣ್ಣೆಯಲ್ಲಿ ಬೆರೆಸಿ ಬುಡಕ್ಕೆಲ್ಲ ಹಚ್ಚಿ ಬಟ್ಟೆ ಕಟ್ಟಿದೆ.

“ದೊಡ್ಡಮ್ಮ, ಉರೀತೈತೆ. ವಾಸ್ನೆ ಬರ್ತೈತೆ.”

“ಸುಮ್ನೆ ಕೂತ್ಕೊ. ಉರಿದ್ರೇನೇ ಸಾಯೋದು.”

ಸುಮ್ಮನೆ ಕೂತಿತು. ಹೇಳಿದ ಮಾತು ಕೇಳುವ ಮಗು.

ನಾನು ರಾಗಿ ಬೀಸಿಸಲು ಹೋಗಿ ಮಿಲ್ಲಿನಲ್ಲಿ ಮಾತಿಗೆ ನಿಂತೆ. ವಾಪಸು ಬರುವಷ್ಟರಲ್ಲಿ ಸಿಂಚನ ಹಜಾರದ ನೆಲದ ಮೇಲೆ ಬಿದ್ದಿದ್ದಳು. ವಾಂತಿಯಾಗಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಮೈಯೆಲ್ಲ ಬೆವರು. ಉಸಿರು ಗೊರಗೊರ ಎನ್ನುತ್ತಿತ್ತು. ಎತ್ತಿಕೊಂಡು ಬಚ್ಚಲಿಗೆ ಓಡಿದೆ. ಪವಿತ್ರಳ ಬಾಟಲಿಯನ್ನು ತೆಗೆದು ತಲೆಗೆ ಸುರಿದು ತೊಳೆದೆ, ಮತ್ತೆ ಸುರಿದೆ. ಆ ತೊಳೆಯುವುದು ಮಗು ಉಳಿಯಲೆಂದೂ ಹೌದು, ಆದರೆ ವಾಸನೆ ಹೋಗಲೆಂದೂ ಹೌದು. ಎರಡನೆಯದು ಆ ಗಳಿಗೆಯಲ್ಲೇ ನನ್ನ ತಲೆಗೆ ಬಂದಿತ್ತು. ಇದನ್ನು ನಾನು ಮರೆಮಾಚಬಾರದು.

ಗಂಡನನ್ನು ಕೂಗಿ ಬೈಕಿನಲ್ಲಿ ದೊಡ್ಡಬಳ್ಳಾಪುರದ ನರ್ಸಿಂಗ್ ಹೋಮಿಗೆ ಹೋದೆವು. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ ನನ್ನ ಕಡೆ ತಿರುಗಿದರು.

“ನಿಮ್ದು ತೋಟ ಇದೆಯೇನಮ್ಮ? ಮಗು ಔಷಧಿ ಏನಾದ್ರೂ ಮುಟ್ಟಿತ್ತಾ? ಕುಡೀತಾ?”

ಪಕ್ಕದಲ್ಲಿ ನನ್ನ ಗಂಡ ನಿಂತಿದ್ದರು. ಪವಿತ್ರ ಪಾರ್ಲರಿನಿಂದ ಓಡಿ ಬಂದು ಆಗಷ್ಟೇ ಬಾಗಿಲಿಗೆ ಕೈಯೂರಿ ನಿಂತಿದ್ದಳು.

“ಇಲ್ಲ ಡಾಕ್ಟ್ರೇ,” ಎಂದೆ. “ತಲೆಗೆ ನೀರು ಹಾಕಿದ್ದೆ ಅಷ್ಟೇ. ಅವರಮ್ಮ ತಂದಿಟ್ಟಿದ್ದ ಶಾಂಪೂ ಹಚ್ಚಿದ್ದೆ.”

ಈ ಮಾತುಗಳು ನನ್ನ ಬಾಯಿಂದ ಬಂದವು. ಯಾರೂ ಹೇಳಿಕೊಟ್ಟದ್ದಲ್ಲ.

ಡಾಕ್ಟರು ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಇಲ್ಲ ಎಂದೆ. ಅವರು ಬೇರೆ ಏನೇನೋ ಯೋಚಿಸಿ, ರಕ್ತ ತೆಗೆದು, ಕೊನೆಗೆ ತಮ್ಮಿಂದ ಆಗುವುದಿಲ್ಲವೆಂದು ಬೆಂಗಳೂರಿಗೆ ಕಳಿಸಿದರು. ಆ ಹೊತ್ತು ಹೋದದ್ದು ನಾನು ಹೇಳಿದ ಆ ‘ಇಲ್ಲ’ದಿಂದ. ಆಂಬುಲೆನ್ಸಿನಲ್ಲಿ ಮಗುವಿನ ಉಸಿರು ನಿಂತು ನಿಂತು ಬರುತ್ತಿತ್ತು. ಎದುರಿಗೆ ಕೂತ ಪವಿತ್ರ ಅದರ ಒದ್ದೆ ಕೂದಲನ್ನು ಮುಖದಿಂದ ಸರಿಸುತ್ತಲೇ ಇದ್ದಳು. ಕೂದಲಿನಿಂದ ಅವಳ ಶಾಂಪೂವಿನ ಪರಿಮಳವೇ ಬರುತ್ತಿತ್ತು.

ದೊಡ್ಡಾಸ್ಪತ್ರೆಯವರು ಇದು ವಿಷವೇ ಎಂದು ಕಂಡುಹಿಡಿದು ಅದಕ್ಕೆ ತಕ್ಕ ಇಂಜೆಕ್ಷನ್ ಶುರುಮಾಡಿದರು. ತಲೆ ಬೋಳಿಸಿದರು. ಮಗು ಉಳಿಯಿತು. ಚರ್ಮದಿಂದ ಒಳಗೆ ಹೋಗಿರಬಹುದು, ಆ ಶಾಂಪೂ ಬಾಟಲಿ ತನ್ನಿ ಎಂದರು. ಬಟ್ಟೆ ತರುತ್ತೇನೆಂದು ಊರಿಗೆ ಬಂದ ನಾನು ಆ ಖಾಲಿ ಬಾಟಲಿಯನ್ನು, ಅದರಲ್ಲಿ ವಿಷವಿಲ್ಲವೆಂದು ಗೊತ್ತಾದೀತೆಂದು, ಕಸದ ಜೊತೆ ಸುಟ್ಟೆ. ಪಂಪ್ ಮನೆಯ ಡಬ್ಬಿಯನ್ನು ಇದ್ದಲ್ಲೇ ಇಟ್ಟೆ. ಬಾಟಲಿ ಖಾಲಿಯಾಗಿತ್ತು, ಆವತ್ತೇ ಎಸೆದೆ ಎಂದು ಎಲ್ಲರಿಗೂ ಹೇಳಿದೆ. ಪೊಲೀಸರು ಬಂದು ಕೇಳಿದಾಗಲೂ ಅದನ್ನೇ ಹೇಳಿದೆ. ಆಕಸ್ಮಿಕ ಎಂದು ಬರೆದುಕೊಂಡು ಹೋದರು.

ಮುಂದಿನದನ್ನು ಪವಿತ್ರ ತಾನೇ ಕಟ್ಟಿಕೊಂಡಳು. ಆ ಬಾಟಲಿಯಲ್ಲಿ ಮೊದಲು ಏನಿತ್ತು? ಪಾರ್ಲರಿನಲ್ಲಿ ಕೂದಲು ನೆಟ್ಟಗೆ ಮಾಡುವ ಔಷಧಿಯೋ, ನೆಲ ತೊಳೆಯುವುದೋ? “ತೊಳೆದಿದ್ದೆ ಅಕ್ಕ, ಬಿಸಿನೀರಲ್ಲೇ ತೊಳೆದಿದ್ದೆ,” ಎನ್ನುತ್ತಿದ್ದಳು ಮೊದಮೊದಲು. ಆಮೇಲೆ, “ತೊಳೆದಿದ್ನಾ?” ಎನ್ನತೊಡಗಿದಳು. ನನ್ನನ್ನು ಕೇಳುತ್ತಿದ್ದಳು. ನಾನು, “ಹೋಗ್ಲಿ ಬಿಡು, ಆಗಿದ್ದಾಯ್ತು,” ಎನ್ನುತ್ತಿದ್ದೆ. ಅದನ್ನು ಅವಳು ನನ್ನ ದೊಡ್ಡತನ ಎಂದುಕೊಂಡಳು.

ಮನೆಗೆ ಬಂದ ಮೇಲೆ, ಎಲ್ಲ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ, ಸಿಂಚನಳ ಪಾದದಿಂದ ಚಪ್ಪಲಿ ಜಾರತೊಡಗಿತು. ಎಡವುತ್ತಿದ್ದಳು. ಮತ್ತೆ ಕೆಲವು ದಿನಕ್ಕೆ ಎದ್ದು ನಿಲ್ಲಲಾಗಲಿಲ್ಲ. ಕೆಲವು ವಿಷಗಳು ನರಗಳನ್ನು ಹೀಗೆ ತಡವಾಗಿ ಹಿಡಿಯುತ್ತವೆ ಎಂದರು ಡಾಕ್ಟರು. ವ್ಯಾಯಾಮ ಮಾಡಿಸಿ ಮಾಡಿಸಿ ಬಲಗಾಲು ಸುಮಾರಾಗಿ ಬಂತು. ಎಡಗಾಲಿಗೆ ಇವತ್ತಿಗೂ ಪಟ್ಟಿ ಕಟ್ಟಿಕೊಂಡು ಎಳೆದು ನಡೆಯುತ್ತಾಳೆ.

ಪವಿತ್ರ ಪಾರ್ಲರ್ ಬಿಟ್ಟಳು. ಅತ್ತೆ ಸಾಯುವ ತನಕ ಅವಳ ಕೈಯಲ್ಲಿ ನೀರು ತೆಗೆದುಕೊಂಡಾಗಲೆಲ್ಲ, “ಲೋಟ ತೊಳೆದಿದ್ದೀಯೇನೇ?” ಎಂದು ಕೇಳುತ್ತಿದ್ದರು. ಡೇರಿಗೆ ಹಾಲು ಹಾಕಲು ಹೋದರೆ ಹೆಂಗಸರು, ಸ್ಟೈಲು ಮಾಡೋಕೋಗಿ ಮಗಳ ಕಾಲು ಕಳೆದೋಳು, ಎಂದು ಅವಳಿಗೆ ಕೇಳಿಸುವಂತೆ ಆಡಿಕೊಳ್ಳುತ್ತಿದ್ದರು. ಮೈದುನ ಒಂದು ಸಲ ಕುಡಿದು ಬಂದು ಅವಳಿಗೆ ಹೊಡೆದ. ನಾನು ಅಡ್ಡ ಹೋಗಿ ಬಿಡಿಸಿದೆ. ಒಂದೇ ಒಂದು ಮಾತು ಹೇಳಿದ್ದರೆ ಹೊಡೆತವೇ ಬೀಳುತ್ತಿರಲಿಲ್ಲ, ಆದರೆ ನಾನು ಕೈಹಿಡಿದು ಬಿಡಿಸಿದೆ, ಅಷ್ಟೇ.

ಆಮೇಲೆ ಅವಳು ಮಗಳ ತಲೆಗೆ ಏನನ್ನೂ ಮುಟ್ಟಿಸಲಿಲ್ಲ. ಸೀಗೆಯಿಲ್ಲ, ಸೋಪಿಲ್ಲ, ಬರೀ ನೀರು. ವರ್ಷಗಟ್ಟಲೆ. ಈಗ್ಗೆ ಕೆಲವು ತಿಂಗಳ ಹಿಂದೆ ಸಿಂಚನಳ ನೆತ್ತಿಯಲ್ಲಿ ಹೊಟ್ಟು ಗಟ್ಟಿಯಾಗಿ, ಕೆರೆದು ಹುಣ್ಣಾಗಿ, ಕೂದಲು ಉದುರತೊಡಗಿತು. ಚರ್ಮದ ಡಾಕ್ಟರು ಮೆದುವಾದ ಶಾಂಪೂ ಒಂದನ್ನು ಬರೆದುಕೊಟ್ಟರು. ನಾನೂ ಪವಿತ್ರಳೂ ಮೆಡಿಕಲ್ ಶಾಪಿಗೆ ಹೋದೆವು. ಹುಡುಗ ಬಾಟಲಿಯನ್ನು ಮುಂದಿಟ್ಟ. ಹೊಸದು, ಸೀಲು ಒಡೆಯದ್ದು. ಪವಿತ್ರ ಅದನ್ನು ಕೈಗೆ ತೆಗೆದುಕೊಂಡು ನೋಡಿದಳು. ಅಲ್ಲೇ ಇಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

“ನನ್ ಕೈಯಲ್ಲಿ ಆಗಲ್ಲ ಅಕ್ಕ,” ಎಂದಳು. “ನೀವೇ ತಗೊಂಡು ನೀವೇ ಹಾಕಿ. ನಿಮ್ ಕೈ ಒಳ್ಳೇದು.”

ಆ ಮಾತು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅಲ್ಲೇ, ಆ ಬೀದಿಯ ಪಕ್ಕದಲ್ಲೇ ಹೇಳಿದೆ. ಪಂಪ್ ಮನೆ, ಡಬ್ಬಿ, ಬಟ್ಟೆ ಕಟ್ಟಿದ್ದು, ಡಾಕ್ಟರಿಗೆ ಹೇಳಿದ್ದು, ಬಾಟಲಿ ಸುಟ್ಟದ್ದು. ಒಂದನ್ನೂ ಬಿಡಲಿಲ್ಲ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಡೆ ತಿರುಗದೆ ಬಸ್ಸುಗಳ ಕಡೆಗೇ ನೋಡಿದಳು.

“ಹಂಗಾದ್ರೆ ನಾನು ಬಾಟ್ಲಿ ತೊಳೆದಿದ್ದೆ,” ಎಂದಳು.

“ತೊಳೆದಿದ್ದೆ ಕಣಮ್ಮ.”

“ಡಾಕ್ಟ್ರು ಎರಡು ಸಲ ಕೇಳಿದ್ರು. ನಾನು ಬಾಗ್ಲಲ್ಲೇ ಇದ್ದೆ.”

ಅವಳು ಎದ್ದು ಒಬ್ಬಳೇ ಬಸ್ಸು ಹತ್ತಿದಳು.

ಅದಾದ ವಾರದಲ್ಲೇ ಮೈದುನ, ಪವಿತ್ರ, ಸಿಂಚನ ಮೂವರೂ ದೊಡ್ಡಬಳ್ಳಾಪುರದಲ್ಲಿ ಬಾಡಿಗೆ ಮನೆ ಮಾಡಿದರು. ಹೊರಡುವ ದಿನ ಸಿಂಚನ ಮಾತ್ರ ನಾನಿದ್ದ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. “ಆ ವಾಸ್ನೆ ನಂಗೆ ಇವತ್ತಿಗೂ ಜ್ಞಾಪಕ ಇದೆ ದೊಡ್ಡಮ್ಮ,” ಎಂದಳು. “ಚಿಕ್ಕವಳಿದ್ದಾಗ ಒಂದ್ಸಲ ಕೇಳಿದ್ದೆ ನಿಮ್ಮನ್ನ. ಕನಸು ಕಂಡಿರ್ತೀಯ ಅಂದ್ರಿ. ನಾನು ನಿಮ್ಮನ್ನೇ ನಂಬಿದೆ, ಅಮ್ಮನ್ನ ನಂಬ್ಲಿಲ್ಲ.” ಕಾಲೆಳೆಯುತ್ತ ಹೋಗಿ ಆಟೋ ಹತ್ತಿದಳು. ಅವಳು ಕೇಳಿದ್ದು ನಿಜ. ಕನಸು ಎಂದು ನಾನು ಹೇಳಿದ್ದೂ ನಿಜ. ಮಗುವಿಂದ ನಾನು ಕಿತ್ತುಕೊಂಡದ್ದು ಬರೀ ಕಾಲನ್ನಲ್ಲ.

ನನ್ನ ಗಂಡ ನನ್ನ ಜೊತೆ ಮಾತು ನಿಲ್ಲಿಸಿದ್ದಾರೆ. ಮಕ್ಕಳು ಫೋನಿನಲ್ಲಿ ಊಟ ಆಯ್ತಾ ಎಂದಷ್ಟೇ ಕೇಳುತ್ತಾರೆ. ಅತ್ತೆ ಇಲ್ಲ, ಪವಿತ್ರಳನ್ನು ಶಪಿಸುತ್ತಲೇ ಹೋದರು, ಅದನ್ನಿನ್ನು ಯಾರೂ ತಿದ್ದಲಾಗದು. ಆದರೆ ಆಡಿಕೊಂಡವರಲ್ಲಿ ಬದುಕಿರುವವರು ಬಹಳ ಮಂದಿ ಇದ್ದಾರೆ. ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರಿಗೆ ಮೊದಲು ಹೇಳಿದೆ. ಕೆಲವರು ಬಾಯಿಗೆ ಸೆರಗು ಹಿಡಿದರು. ಒಬ್ಬಾಕೆ, “ಈಗ್ಯಾಕೆ ಹೇಳ್ತೀಯ, ಮನೆ ಮರ್ಯಾದೆ ತೆಗಿಯೋಕಾ?” ಎಂದಳು. ಪವಿತ್ರಳ ಮರ್ಯಾದೆ ಹೋಗುವಾಗ ಇದೇ ಮನೆಯ ಮರ್ಯಾದೆ ಯಾರಿಗೂ ನೆನಪಾಗಿರಲಿಲ್ಲ, ನನಗೂ. ಅವಳು ಕೆಲಸ ಮಾಡುತ್ತಿದ್ದ ಪಾರ್ಲರಿನವರಿಗೂ ಹೋಗಿ ಹೇಳಿ ಬಂದೆ. ಇನ್ನು ಅವಳ ತವರಿಗೆ ಹೋಗಬೇಕು. ಅವಳಪ್ಪ ಮಗಳ ಮುಖ ನೋಡಿ ಮಾತಾಡುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಪೊಲೀಸ್ ಸ್ಟೇಷನ್ನಿಗೂ ಹೋಗುತ್ತೇನೆ, ಅವರು ಏನು ಮಾಡುತ್ತಾರೋ ಮಾಡಲಿ.

ಕ್ಷಮಿಸು ಎಂದು ಮಾತ್ರ ನಾನು ಪವಿತ್ರಳನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಕೇಳಿದರೆ ಅವಳು ಏನಾದರೊಂದು ಉತ್ತರ ಹೇಳಬೇಕಾಗುತ್ತದೆ. ಇಷ್ಟು ವರ್ಷ ನನ್ನದನ್ನೆಲ್ಲ ಹೊತ್ತವಳ ಮೇಲೆ ಅದೊಂದನ್ನೂ ಹೊರಿಸಲಾರೆ.