ಪಾಠಕ್ಕೆ ಮುಂಚಿನ ಸೊನ್ನೆ

ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್ಲಿನ ನಮ್ಮ ಗರಾಜಿಗೆ, ಭಾನುವಾರ ಮಕ್ಕಳಿಗೆ ಕನ್ನಡ ಕಲಿಸಲು ಧಾರವಾಡದ ಕಡೆಯ ಒಬ್ಬ ಅಕ್ಕೋರು ಬರುತ್ತಿದ್ದರು. ಮಡಿಸುವ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕನ್ನಡಕ ಒರೆಸಿಕೊಂಡು, ಪಾಠಕ್ಕೆ ಮುಂಚೆಯೇ ಒಂದು ಟೆಸ್ಟು ಕೊಡುವರು. ಪಾಠ ಮುಗಿದ ಮೇಲೆ ಮತ್ತೆ ಅದೇ ಪ್ರಶ್ನೆಗಳು. ಮೊದಲ ಸಲ ಮಕ್ಕಳು ಪಿಳಿಪಿಳಿ ನೋಡಿದರೆ ಅವರಿಗೆ ಖುಷಿ. "ಸೊನ್ನಿ ಬಂತಾ? ಛಲೋ ಆತು, ತುಂಬ್ಲಿಕ್ಕೆ ಜಾಗಾ ಅದ" ಎಂದು ತಲೆ ಸವರುವರು.

ನಾವೋ ರ‍್ಯಾಂಕಿಗಾಗಿ ಓದಿ ಬೆಳೆದ ಇಂಜಿನಿಯರುಗಳು, ಡಾಕ್ಟರುಗಳು. ಮಕ್ಕಳ ಸೊನ್ನೆ ನಮಗೆಲ್ಲಿ ಸಹಿಸಲಾಗುತ್ತೆ? ಮುಂದಿನ ಪಾಠ ಯಾವುದೆಂದು ಕೇಳಿಕೊಂಡು ಬಂದು, ಮನೆಯಲ್ಲಿ ಇಂಗ್ಲಿಷೇ ಆಡುತ್ತಿದ್ದ ಅಪ್ಪ ಅಮ್ಮಂದಿರೆಲ್ಲ ಊಟದ ಮೇಜಿನಲ್ಲಿ, ಫ್ರೀವೇ ಮೇಲೆ ಕಾರಿನಲ್ಲಿ, ವಾರವಿಡೀ ಕನ್ನಡ ಹೇಳಿಕೊಟ್ಟೆವು. ಮಕ್ಕಳು ಮೊದಲ ಟೆಸ್ಟಿನಲ್ಲೇ ಪೂರ್ತಿ ಮಾರ್ಕ್ಸು ತೆಗೆಯತೊಡಗಿದರು.

ಒಂದು ಭಾನುವಾರ ಅಕ್ಕೋರು ಎರಡೂ ಟೆಸ್ಟಿನ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಮೊದಲೂ ಅಷ್ಟ, ಆಮ್ಯಾಲೂ ಅಷ್ಟ. ಹಂಗಾದ್ರ ನಾ ಏನೂ ಕಲಿಸೇ ಇಲ್ಲ ನೋಡ್ರಿ."

"ಅಯ್ಯೋ, ಹಾಗೆಲ್ಲ ಏನಿಲ್ಲ ಅಕ್ಕೋರೇ, ಕಾಫಿ ತಗೊಳ್ಳಿ" ಎಂದು ನಾವು ನಕ್ಕೆವು. ಅವರು ಕನ್ನಡಕ ಒರೆಸಿಕೊಂಡರು. ಕಾಫಿ ಕುಡಿದು ಹೋದವರು ಮತ್ತೆ ಪಾಠಕ್ಕೆ ಬರಲಿಲ್ಲ.

ಟೆಸ್ಟು ನಿಂತಿತು. ಅದರ ಹಿಂದೆಯೇ ನಮ್ಮ ಊಟದ ಮೇಜುಗಳ ಕನ್ನಡವೂ ನಿಂತಿತು. ಅಲ್ಲಿಯವರೆಗೆ ನಮ್ಮ ಬಾಯಲ್ಲಿ ಅದನ್ನು ಆಡಿಸುತ್ತಿದ್ದವರು ಅಕ್ಕೋರೇ ಎಂದು ಅವರಿಗೆ ಯಾರೂ ಹೇಳಲಿಲ್ಲ.